ಬಾವಿಗೆ ಬಿದ್ದ ಕಲ್ಲಿಗೆ ಎಷ್ಟು ಸೆಕೆಂಡು

ಅಂತರ್ಜಲ ಅಳೆಯುವ ಕೆಲಸಕ್ಕೆ ಈಗ ಸೇರುತ್ತಿರುವವರು ಬಾವಿಯ ಹತ್ತಿರ ಹೋಗಬೇಕಾದ್ದೇ ಕಡಿಮೆ. ಕೊಳವೆಯೊಳಗೆ ಇಳಿಬಿಟ್ಟ ಉಪಕರಣ ತಾನೇ ನೀರಿನ ಮಟ್ಟ ಅಳೆದು ಕಚೇರಿಗೆ ಕಳುಹಿಸುತ್ತದೆ. ಚಹಾ ಕುಡಿಯುತ್ತಾ ಫೋನಿನಲ್ಲಿ ನೋಡಿಕೊಂಡರಾಯಿತು. ಅದು ಒಳ್ಳೆಯದೇ. ಆದರೆ ಮೊನ್ನೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಮನೆಗೆ ಬಂದು, ಇದೆಲ್ಲ ಇಲ್ಲದಾಗ ನೀವು ಏನು ಮಾಡ್ತಿದ್ರಿ ಮೇಡಂ ಎಂದು ಕೇಳಿದಳು. ಕಲ್ಲು ಹಾಕ್ತಿದ್ವಿ ಎಂದೆ. ನಾನು ನಗೆಯಾಡುತ್ತಿದ್ದೇನೆ ಎಂದು ಅವಳು ಅಂದುಕೊಂಡಳು. ಅವಳಿಗೆ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಬಡ್ತಿ, ವರ್ಗಾವಣೆಗಳೆಲ್ಲ ಸರ್ವಿಸ್ ಪುಸ್ತಕದಲ್ಲಿವೆ, ಅವು ಅಲ್ಲೇ ಇರಲಿ.

ನಾನು ಕೆಲಸಕ್ಕೆ ಸೇರಿದಾಗ ಚಿಕ್ಕಬಳ್ಳಾಪುರ ಇನ್ನೂ ಕೋಲಾರ ಜಿಲ್ಲೆಯಲ್ಲಿತ್ತು. ನಮ್ಮ ಪುಟ್ಟ ಕಚೇರಿಯಲ್ಲಿ ಒಂದು ಜೀಪು, ಅದನ್ನು ಓಡಿಸಲು ಶಿಡ್ಲಘಟ್ಟದ ಬಾಬಾಜಾನ್, ನಮ್ಮೆಲ್ಲರ ಮೇಲೆ ಕೃಷ್ಣಪ್ಪ ಸಾರ್. ನಾನು ತಾಂತ್ರಿಕ ಸಹಾಯಕಿ. ನಾಲ್ಕು ತಾಲ್ಲೂಕುಗಳ ಬಾವಿಗಳಲ್ಲಿ ನೀರು ಎಷ್ಟು ಅಡಿಯಲ್ಲಿದೆ ಎಂದು ತಿಂಗಳು ತಿಂಗಳು ಬರೆದುಕೊಂಡು ಬರುವುದು ನಮ್ಮ ಕೆಲಸ. ಅದಕ್ಕೆ ನಮ್ಮ ಬಳಿ ಇದ್ದದ್ದು ತಂತಿ ಟೇಪು. ತುದಿ ನೀರಿಗೆ ತಾಗಿದರೆ ಮೇಲೆ ಗಂಟೆ ಬಾರಿಸುತ್ತದೆ, ತಂತಿಯ ಮೇಲಿನ ಗುರುತು ಓದಿಕೊಳ್ಳಬೇಕು. ನಮ್ಮ ಟೇಪು ನೂರೈವತ್ತು ಅಡಿಯದು. ನಾನು ಸೇರಿದಾಗ ಅದು ಬೇಕಾದಷ್ಟಾಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಎಷ್ಟೋ ಬಾವಿಗಳಲ್ಲಿ ಗಂಟೆ ಬಾರಿಸುವ ಮುಂಚೆಯೇ ತಂತಿ ಮುಗಿದುಹೋಗತೊಡಗಿತು.

ಆ ಹೊತ್ತಿಗೆ ನನ್ನನ್ನು ಬೆಂಗಳೂರಿಗೆ ಒಂದು ವಾರದ ತರಬೇತಿಗೆ ಕಳುಹಿಸಿದರು. ಅಲ್ಲಿ ನನ್ನ ಕೈಗೆ ಒಂದು ಕ್ಯಾಲ್ಕುಲೇಟರ್ ಕೊಟ್ಟರು. ಅಂಗೈಯಗಲದ ಕಪ್ಪು ಡಬ್ಬಿ. ಸಾಮಾನ್ಯ ಕ್ಯಾಲ್ಕುಲೇಟರ್‌ನಲ್ಲಿ ಲೆಕ್ಕದ ಪ್ರತಿ ಹೆಜ್ಜೆಯನ್ನೂ ಪ್ರತಿ ಸಲವೂ ನಾವೇ ಒತ್ತಬೇಕು. ಇದಕ್ಕೆ ಹೆಜ್ಜೆಗಳನ್ನು ಒಂದು ಸಲ ಕಲಿಸಿಬಿಟ್ಟರೆ ಸಾಕು, ನೆನಪಿಟ್ಟುಕೊಳ್ಳುತ್ತಿತ್ತು. ಪಾಠ ಹೇಳುತ್ತಿದ್ದ ಮೇಷ್ಟರು ನಮ್ಮನ್ನೆಲ್ಲ ಮಾಳಿಗೆಗೆ ಕರೆದೊಯ್ದು, ಒಬ್ಬೊಬ್ಬರ ಕೈಗೂ ಒಂದು ಕಲ್ಲು ಕೊಟ್ಟು ಕೆಳಗೆ ಬಿಡಿ ಎಂದರು. ಒಂದೂವರೆ ಸೆಕೆಂಡು. ಆ ಒಂದೂವರೆಯನ್ನು ಒತ್ತಿ ಗುಂಡಿ ಅಮುಕಿದೆ. ಹನ್ನೊಂದು ಮೀಟರ್ ಎಂದಿತು. ಹಗ್ಗ ಇಳಿಬಿಟ್ಟು ನೋಡಿದರೆ ಹನ್ನೊಂದೇ! ಚಿಂತಾಮಣಿಯ ಕಾಲೇಜಿನಲ್ಲಿ ಮುಕ್ತ ಪತನದ ಸೂತ್ರವನ್ನು ಪರೀಕ್ಷೆಗೆಂದು ಉರು ಹೊಡೆದಿದ್ದೆ. ಅದರಿಂದ ನಿಜವಾದ ಎತ್ತರ ಅಳೆಯಬಹುದು ಎಂಬುದು ಆವತ್ತು ಗೊತ್ತಾಯಿತು. ಟೇಪು ಎಟುಕದ ಬಾವಿಗೆ ಕಲ್ಲು ಹಾಕಿದರಾಯಿತಲ್ಲ! ವಾಪಸು ಬರುವ ಬಸ್ಸಿನುದ್ದಕ್ಕೂ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಗುಂಡಿ ಒತ್ತುತ್ತಾ ಬಂದೆ. ಪಕ್ಕದ ಸೀಟಿನ ಅಜ್ಜಿ ಇದು ರೇಡಿಯೋನಾ ಎಂದು ಎರಡು ಸಲ ಕೇಳಿದರು.

ಕೃಷ್ಣಪ್ಪ ಸಾರ್ ಒಳ್ಳೆಯ ಮನುಷ್ಯ, ಆದರೆ ಟೇಪು ಹೇಳಿದ್ದನ್ನು ಬಿಟ್ಟು ಬೇರೆ ಯಾವುದನ್ನೂ ನಂಬುವವರಲ್ಲ. ಕಲ್ಲು ಹಾಕಿ ಲೆಕ್ಕ ಮಾಡೋದು ಕಾಲೇಜಿಗೆ ಸರಿ ಎಂದರು. ಮೊದಮೊದಲು ಅವರದೇ ಸರಿಯಾಯಿತು. ಟೇಪು ಎಟುಕುವ ಬಾವಿಗಳಲ್ಲಿ ಎರಡನ್ನೂ ಹೋಲಿಸಿ ನೋಡಿದೆ. ಕ್ಯಾಲ್ಕುಲೇಟರ್ ಯಾವಾಗಲೂ ಹೆಚ್ಚೇ ಹೇಳುತ್ತಿತ್ತು. ಬಾವಿ ಆಳವಾದಷ್ಟೂ ಹೆಚ್ಚಳವೂ ಬೆಳೆಯುತ್ತಿತ್ತು. ನನ್ನ ಕೈ ನಿಧಾನವೇ, ಗಡಿಯಾರ ಕೆಟ್ಟಿದೆಯೇ, ಒಂದೂ ತಿಳಿಯದೆ ಎರಡು ತಿಂಗಳು ಒದ್ದಾಡಿದೆ.

ಉತ್ತರ ಸಿಕ್ಕಿದ್ದು ನಂದಿಯ ರೈಲು ನಿಲ್ದಾಣದಲ್ಲಿ. ರೈಲು ತಡವಾಗಿತ್ತು. ಹಳಿಯಾಚೆ ದೂರದ ಬಂಡೆಯ ಮೇಲೆ ಒಬ್ಬ ಕಲ್ಲು ಒಡೆಯುತ್ತಿದ್ದ. ಸುಮ್ಮನೆ ನೋಡುತ್ತಾ ಕೂತಿದ್ದೆ. ಸುತ್ತಿಗೆ ಕೆಳಗೆ ಬರುತ್ತದೆ, ಸದ್ದಿಲ್ಲ. ಸುತ್ತಿಗೆ ಮತ್ತೆ ಮೇಲೇಳುತ್ತದೆ, ಆಗ ಠಣ್ ಎಂದು ಕೇಳುತ್ತದೆ. ನಾಲ್ಕನೆಯ ಏಟಿಗೆ ನಾನು ಎದ್ದುನಿಂತೆ. ಸದ್ದಿಗೂ ದಾರಿ ಸವೆಸಲು ಹೊತ್ತು ಬೇಕು! ಬಾವಿಯ ತಳದಿಂದ ನನ್ನ ಕಿವಿಗೆ ಏರಿ ಬರುವ ಹೊತ್ತನ್ನೂ ನಾನು ಕಲ್ಲು ಬೀಳುವ ಹೊತ್ತಿಗೇ ಸೇರಿಸಿಬಿಟ್ಟಿದ್ದೆ. ನಿಲ್ದಾಣದ ಬೆಂಚಿನ ಮೇಲೆಯೇ ಪ್ರೋಗ್ರಾಂ ತಿದ್ದಿದೆ. ಮೊದಲು ಆಳವನ್ನು ಅಂದಾಜು ಮಾಡು, ಅಷ್ಟು ದೂರಕ್ಕೆ ಸದ್ದು ತೆಗೆದುಕೊಳ್ಳುವ ಹೊತ್ತನ್ನು ಕಳೆ, ಉಳಿದ ಹೊತ್ತಿನಿಂದ ಮತ್ತೆ ಆಳ ಕಂಡುಹಿಡಿ, ಉತ್ತರ ಅಲುಗಾಡದೆ ನಿಲ್ಲುವವರೆಗೂ ಹೀಗೇ ಮಾಡು. ಅಷ್ಟರಲ್ಲಿ ರೈಲು ಬಂದು ಹೋಗಿಯೇಬಿಟ್ಟಿತ್ತು. ಮರುದಿನದಿಂದ ಡಬ್ಬಿಯೂ ಟೇಪೂ ಒಂದೆರಡು ಅಡಿಯೊಳಗೆ ಒಂದೇ ಮಾತು ಹೇಳತೊಡಗಿದವು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಅದು ನೆಲಕ್ಕೆ ಬಂದದ್ದು ಗೌರಿಬಿದನೂರಿನ ಕಡೆಯ ಒಂದು ಹಳ್ಳಿಯಲ್ಲಿ. ಹಿಂದಿನ ದಿನ ಕ್ಯಾಲ್ಕುಲೇಟರ್‌ನ ಸೆಲ್ ಬದಲಾಯಿಸಿದ್ದೆ. ಸೆಲ್ ತೆಗೆದರೆ ಅದು ಕಲಿತದ್ದೆಲ್ಲ ಮರೆತುಹೋಗುತ್ತದೆ. ಜೀಪಿನಲ್ಲಿ ಹೋಗುತ್ತಾ ಹೆಜ್ಜೆಗಳನ್ನು ನೆನಪಿನಿಂದಲೇ ಮತ್ತೆ ಒತ್ತಿದೆ. ಸೂತ್ರದಲ್ಲಿ ಅರ್ಧ ಎಂಬುದೊಂದಿದೆ, ಅದು ಬಿಟ್ಟುಹೋಯಿತು. ಹಳ್ಳಿಯವರೆಲ್ಲ ಸೇರಿದ್ದರು. ಕಲ್ಲು ಹಾಕಿ, ಗುಂಡಿ ಒತ್ತಿ, ನೀರು ನೂರ ಹನ್ನೆರಡು ಅಡಿಯಲ್ಲಿದೆ ಎಂದು ಗಟ್ಟಿಯಾಗಿ ಹೇಳಿದೆ. ಕಟ್ಟೆಯ ಮೇಲೆ ಕೂತಿದ್ದ ಮುದುಕರೊಬ್ಬರು ಇಲ್ಲವೆಂದು ತಲೆಯಾಡಿಸಿದರು.

"ಈ ಬಾವಿ ತೋಡಿದ್ದು ನಾನೇ ಕಣಮ್ಮ. ತಳಕ್ಕೇ ಎಪ್ಪತ್ತಡಿ. ನೀರು ನೂರ ಹನ್ನೆರಡರಲ್ಲಿ ಹೆಂಗಿರುತ್ತೆ?"

ಅಲ್ಲಿಗೇ ಸುಮ್ಮನಾಗಬೇಕಿತ್ತು. ಮಿಷನ್ ತಪ್ಪು ಹೇಳಲ್ಲ ತಾತ ಎಂದುಬಿಟ್ಟೆ. ಕೃಷ್ಣಪ್ಪ ಸಾರ್ ಟೇಪು ಇಳಿಬಿಟ್ಟರು. ಐವತ್ತೊಂಬತ್ತಕ್ಕೆ ಗಂಟೆ ಬಾರಿಸಿತು. ಹಳ್ಳಿಯವರು ನಕ್ಕಿದ್ದರೆ ವಾಸಿಯಿತ್ತು. ಪಾಪ, ನನ್ನ ಮುಖ ನೋಡಿ ಯಾರೂ ನಗಲಿಲ್ಲ. ಚಿಕ್ಕಬಳ್ಳಾಪುರಕ್ಕೆ ಬಂದ ಮೇಲೆ ಸಾರ್ ಕ್ಯಾಲ್ಕುಲೇಟರನ್ನು ತಮ್ಮ ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು.

ಹೊಸಬರಿಗೆ ಒಂದು ಮಾತು ಹೇಳುತ್ತೇನೆ. ಯಾವ ಉಪಕರಣವನ್ನೂ ಬೆಳಿಗ್ಗೆ ಗೊತ್ತಿರುವ ಅಳತೆಯೊಂದಕ್ಕೆ ಹಿಡಿದು ನೋಡದೆ ಹೊರಗೆ ಒಯ್ಯಬೇಡಿ. ಡಬ್ಬಿ ಮತ್ತೆ ನನ್ನ ಕೈಗೆ ಬಂದ ಮೇಲೆ, ಪ್ರತಿದಿನ ಕಚೇರಿ ಹಿಂದಿನ ನೀರಿನ ಟ್ಯಾಂಕಿನ ಏಣಿ ಹತ್ತಿ ಒಂದು ಕಲ್ಲು ಬಿಟ್ಟು ನೋಡಿಯೇ ಜೀಪು ಹತ್ತುತ್ತಿದ್ದೆ. ಸೀರೆ ಉಟ್ಟು ಏಣಿ ಹತ್ತುವವಳೆಂದು ಬೀದಿಯವರಿಗೆಲ್ಲ ನನ್ನ ಪರಿಚಯವಿತ್ತು.

ಡಬ್ಬಿ ಬೀಗದಲ್ಲಿದ್ದ ತಿಂಗಳುಗಳಲ್ಲಿ ನನಗೆ ಪಾಠ ಹೇಳಿದವರು ಬಾಬಾಜಾನ್. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಜೀಪಿನ ಎಂಜಿನ್ ಸದ್ದು ಕೇಳಿಯೇ ಯಾವ ಭಾಗ ಸವೆದಿದೆ ಎಂದು ಹೇಳುತ್ತಿದ್ದರು. ಬಾವಿಗೆ ಕಲ್ಲು ಬಿದ್ದ ಸದ್ದನ್ನೂ ಹಾಗೇ ಓದುತ್ತಿದ್ದರು. ಕೆಸರಿಗೆ ಬಿದ್ದದ್ದು, ಒಣ ಬಂಡೆಗೆ ಬಿದ್ದದ್ದು, ಒಂದು ಗೇಣು ನೀರಿಗೆ ಬಿದ್ದದ್ದು, ಆಳದ ನೀರಿಗೆ ಬಿದ್ದದ್ದು, ಒಂದೊಂದರ ಸದ್ದೂ ಅವರಿಗೆ ಬೇರೆ. ಕೊಳವೆಬಾವಿ ಆರೂವರೆ ಅಂಗುಲ ಅಗಲವಷ್ಟೆ, ಕಲ್ಲು ಗೋಡೆಗೆ ಬಡಿದುಕೊಂಡು ಇಳಿದರೆ ಹೊತ್ತು ಹೆಚ್ಚಾಗುತ್ತದೆ, ಆ ಲೆಕ್ಕ ಬಿಟ್ಟುಬಿಡಬೇಕು ಎಂದು ತೋರಿಸಿಕೊಟ್ಟವರೂ ಅವರೇ. ಬೆಣಚುಕಲ್ಲು ಹಗುರ, ಗಾಳಿ ತಡೆಯುತ್ತದೆ ಎಂದು ನಾನು ಪೇಚಾಡಿದಾಗ, ಶಿಡ್ಲಘಟ್ಟದ ಗ್ಯಾರೇಜೊಂದರಿಂದ ಲಾರಿ ಬೇರಿಂಗಿನ ಉಕ್ಕಿನ ಗುಂಡುಗಳನ್ನು ಆಯ್ದು ತಂದರು. ನೆಲ್ಲಿಕಾಯಿ ಗಾತ್ರದ, ಭಾರವಾದ, ನುಣ್ಣನೆಯ ಗುಂಡುಗಳು. ಸೀಮೆಎಣ್ಣೆಯಲ್ಲಿ ಜಿಡ್ಡು ತೆಗೆದು, ಸೋಪು ಹಾಕಿ ತೊಳೆದು ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಟ್ಟಿದ್ದರು.

ಇನ್ನು ಹೇಳಬೇಕಾದ್ದು ಅಂಬಾಜಿದುರ್ಗದ ಬೆಟ್ಟದ ಬುಡದ ಹಳ್ಳಿಯ ಸಂಗತಿ.

ಚಿಂತಾಮಣಿಯಿಂದ ಸ್ವಲ್ಪ ದೂರದ ಆ ಹಳ್ಳಿಯ ಕಾಲೋನಿಗೆ ಒಂದೇ ಕೊಳವೆಬಾವಿ. ಒಂದು ಮೋಟರು, ಒಂದು ಸಣ್ಣ ತೊಟ್ಟಿ, ಮೂವತ್ತು ಮನೆ. ಬೇಸಿಗೆಯ ನಡುವೆ ಮೋಟರು ಬರೀ ಗಾಳಿ ಎಳೆಯತೊಡಗಿತು. ಬಾವಿ ಬತ್ತಿದೆ ಎಂದು ಪರೀಕ್ಷಿಸಿ ಬರೆದುಕೊಟ್ಟರೆ ಮೋಟರು ಪೈಪು ಕಿತ್ತು ಬೇರೆ ಊರಿಗೆ ಒಯ್ಯುವುದು, ಬಾವಿಗೆ ಮುಚ್ಚಳ ಬೆಸೆಯುವುದು ಎಂದು ತೀರ್ಮಾನವಾಗಿತ್ತು. ಪರೀಕ್ಷಿಸುವವರು ನಾವು. ಹೊರಡುವ ಮುಂಚೆ ಸಾರ್ ಬಳಿ ಹೋಗಿ ಕ್ಯಾಲ್ಕುಲೇಟರ್ ಕೇಳಿದೆ. ಅವರು ಟ್ಯಾಂಕ್ ಹತ್ತಿ ನೋಡಿಕೊಂಡು ಬಾ ಎಂದು ಬೀಗದ ಕೈ ಕೊಟ್ಟರು. ನಾನು ಏಣಿ ಹತ್ತಿದ್ದು ಅದೇ ಮೊದಲು. ಅಳತೆ ಸರಿಬಂತು.

ನಾವು ಹೋದಾಗ ಮೆಕ್ಯಾನಿಕ್‌ಗಳು ಮೋಟರನ್ನು ಆಗಲೇ ಮೇಲೆತ್ತಿದ್ದರು. ಪೈಪುಗಳು ಬೇವಿನ ಮರದ ಕೆಳಗೆ ಸಾಲಾಗಿ ಮಲಗಿದ್ದವು. ಒಂಬತ್ತು ಪೈಪು, ಒಂದೊಂದು ಇಪ್ಪತ್ತಡಿ. ಅಂದರೆ ಮೋಟರು ಇದ್ದದ್ದು ನೂರ ಎಂಬತ್ತಡಿಯಲ್ಲಿ. ಕಾಗದದ ಪ್ರಕಾರ ಬಾವಿ ಮುನ್ನೂರು ಅಡಿ. ಆದರೆ ಕೆಳಗೆ ಮಣ್ಣು ಕುಸಿದು ಮುಚ್ಚಿಹೋಗಿದೆ, ಇನ್ನೂರಕ್ಕೇ ಕೆಸರು ಎಂದು ಮೆಕ್ಯಾನಿಕ್‌ಗಳ ಮುಖ್ಯಸ್ಥ ಹೇಳಿದ. ನಮ್ಮ ಟೇಪು ನೂರೈವತ್ತಕ್ಕೆ ನಿಂತಿತು. ಗಂಟೆ ಬಾರಿಸಲಿಲ್ಲ.

ಅಲ್ಲಿ ನೀರುಗಂಟಿ ಕೆಲಸ ಮಾಡುತ್ತಿದ್ದವರು ವೆಂಕಟಲಕ್ಷ್ಮಮ್ಮ. ಗಂಡ ತೀರಿಕೊಂಡ ಮೇಲೆ ಮೋಟರು ಹಾಕುವುದು, ನೀರು ಬಿಡುವುದು ಎಲ್ಲ ಅವರದೇ. ಜನರೆಲ್ಲ ಸಾರ್ ಸುತ್ತ ನಿಂತಿದ್ದರೆ ಅವರು ನೇರ ನನ್ನ ಬಳಿ ಬಂದರು. ಬೆಳಿಗ್ಗೆ ಹಾಕಿದರೆ ಹತ್ತು ನಿಮಿಷ ನೀರು ಬರುತ್ತದೆ, ಆಮೇಲೆ ಗಾಳಿ, ಒಂದು ದಿನ ಬಿಟ್ಟು ಹಾಕಿದರೆ ಕಾಲು ಗಂಟೆ ಬರುತ್ತದೆ ಎಂದು ವಿವರಿಸಿದರು. ಸತ್ತ ಬಾವಿ ಹಾಗೆ ಮಾಡುವುದಿಲ್ಲ. ಕೊನೆಗೆ ದನಿ ತಗ್ಗಿಸಿ ಹೇಳಿದರು:

"ಇದು ಮುಚ್ಚಿದ್ರೆ ಊರ ಬಾವಿಗೆ ಹೋಗ್ಬೇಕಮ್ಮ. ಅಲ್ಲಿ ನಾವು ಬಿಂದಿಗೆ ಇಟ್ಟು ದೂರ ನಿಂತ್ಕೋಬೇಕು. ಎವರಾದ್ರೂ ಬಂದು ನೀರು ಪೋಸ್ತಾರಾ, ಯಾರಾದ್ರೂ ಹುಯ್ತಾರಾ ಅಂತ ಕಾಯ್ಬೇಕು. ನನ್ನ ಮಕ್ಕಳು ಅದು ನೋಡಿಲ್ಲ. ನೋಡಬಾರದು."

ನಾನು ಅದನ್ನು ನೋಡಿದ್ದೆ. ಶಿಡ್ಲಘಟ್ಟದ ಕಡೆ ಅಂಥದೇ ಕಾಲೋನಿಯಲ್ಲಿ ಹುಟ್ಟಿದವಳು ನಾನು. ನಮ್ಮಮ್ಮ ಬಿಂದಿಗೆಯ ಪಕ್ಕ ನಿಲ್ಲುತ್ತಿದ್ದ ರೀತಿ ನನಗೆ ಗೊತ್ತು. ಅದನ್ನು ಅವರಿಗೆ ಹೇಳಲಿಲ್ಲ. ಬಾಬಾಜಾನ್ ಕಡೆ ತಿರುಗಿ ಬಾಟಲಿ ತನ್ನಿ ಎಂದೆ.

ಮಕ್ಕಳನ್ನೂ ನಾಯಿಗಳನ್ನೂ ದೂರ ಕಳುಹಿಸಿ, ಜೀಪಿನ ಎಂಜಿನ್ ನಿಲ್ಲಿಸಿದೆವು. ಬಾಬಾಜಾನ್ ಕೊಳವೆಯ ಬಾಯಿಗೆ ಕಿವಿಯಿಟ್ಟು ಕುಳಿತರು. ನಾನು ಒಂದು ಕೈಯಲ್ಲಿ ಗುಂಡು, ಇನ್ನೊಂದರಲ್ಲಿ ಸ್ಟಾಪ್‌ವಾಚ್ ಹಿಡಿದು ಕೊಳವೆಯ ನಟ್ಟನಡುವೆ ಗುಂಡು ಬಿಟ್ಟೆ. ಟಕ್ ಟಕ್ ಎಂದು ಗೋಡೆಗೆ ಬಡಿಯಿತು. ಬೇಡ ಎಂದು ಬಾಬಾಜಾನ್ ಕೈ ಆಡಿಸಿದರು. ಎರಡನೆಯದೂ ಬಡಿಯಿತು. ಮೂರನೆಯದು ಸದ್ದೇ ಇಲ್ಲದೆ ಇಳಿಯಿತು. ಮೂರು ಮುಕ್ಕಾಲು ಸೆಕೆಂಡಿನ ಮೌನ ಎಷ್ಟು ಉದ್ದ ಎಂಬುದು ಅದನ್ನು ಕಾದವರಿಗೇ ಗೊತ್ತು. ಆಮೇಲೆ ಆಳದಿಂದ ಗುಳುಕ್ ಎಂದು ಬಂತು.

"ನೀರು," ಎಂದರು ಬಾಬಾಜಾನ್. "ಕೆಸರಲ್ಲಮ್ಮ. ಕೆಳಗೆ ಜಾಗ ಇರೋ ನೀರು."

ಹದಿಮೂರು ಗುಂಡು ಹಾಕಿದೆವು. ಅವರು ಒಪ್ಪಿದ್ದು ಐದನ್ನು. ಐದೂ ಹೆಚ್ಚುಕಡಿಮೆ ಒಂದೇ ಕಡೆ ನಿಂತವು, ಮೂರು ಮುಕ್ಕಾಲು ಸೆಕೆಂಡು. ಸೆಕೆಂಡಿನಲ್ಲಿ ಹತ್ತನೇ ಒಂದು ಭಾಗ ತಪ್ಪಿದರೂ ಹತ್ತು ಅಡಿ ಹೆಚ್ಚುಕಡಿಮೆಯಾಗುವ ಲೆಕ್ಕ ಅದು. ಮೂರು ಮುಕ್ಕಾಲನ್ನು ಒತ್ತಿದೆ. ಸದ್ದಿನ ಹೊತ್ತು ಕಳೆಯುವ ಮುಂಚಿನ ಮೊದಲ ಅಂದಾಜು ಇನ್ನೂರ ಇಪ್ಪತ್ತಾರು ಅಡಿ. ಮತ್ತೆ ಒತ್ತಿದೆ, ಇನ್ನೂರ ಮೂರು. ಮತ್ತೆ, ಇನ್ನೂರ ಐದು. ಇನ್ನೊಮ್ಮೆ, ಇನ್ನೂರ ಐದು. ನಿಂತಿತು.

ಮೋಟರಿದ್ದದ್ದು ನೂರ ಎಂಬತ್ತರಲ್ಲಿ, ನೀರಿರುವುದು ಇನ್ನೂರ ಐದರಲ್ಲಿ. ರಾತ್ರಿ ಸುತ್ತಲಿನ ತೋಟಗಳ ಮೋಟರು ನಿಂತಾಗ ನೀರು ಏರಿ ಬೆಳಗಿಗೆ ಈ ಮೋಟರನ್ನು ಮುಟ್ಟುತ್ತದೆ, ಹತ್ತು ನಿಮಿಷಕ್ಕೆ ಕೆಳಗಿಳಿಯುತ್ತದೆ, ತೋಟದವರು ಹಾಕಿದ ಮೇಲೆ ಇನ್ನೂ ಕೆಳಕ್ಕೆ. ವೆಂಕಟಲಕ್ಷ್ಮಮ್ಮ ಹೇಳಿದ್ದಕ್ಕೆ ಸರಿಯಾಗಿ ಹೊಂದಿತು. ಬಾವಿ ಸತ್ತಿಲ್ಲ, ಮೋಟರಿನ ಪೈಪು ಮೋಟಾಗಿದೆ ಅಷ್ಟೆ! ಮೆಕ್ಯಾನಿಕ್‌ಗಳು ಬಂದಿದ್ದ ಲಾರಿಯಲ್ಲಿ ಇನ್ನೂ ನಾಲ್ಕು ಪೈಪುಗಳಿದ್ದವು. ಅಷ್ಟನ್ನೂ ಸೇರಿಸಿದರೆ ಇನ್ನೂರ ಅರವತ್ತಡಿ ಎಂದು ಸಾರ್‌ಗೆ ಹೇಳಿದೆ.

ಮೆಕ್ಯಾನಿಕ್ ಒಪ್ಪಲಿಲ್ಲ. ಆ ಪೈಪುಗಳು ಬೇರೆ ಊರಿನವು, ಕೆಳಗೆ ಕೆಸರಿದ್ದರೆ ಮೋಟರು ಹೂತುಹೋಗುತ್ತದೆ, ಅದಕ್ಕೆ ಯಾರು ಹೊಣೆ ಎಂದ. ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಎಲ್ಲರೂ ಸಾರ್ ಮುಖ ನೋಡಿದರು. ಸಾರ್ ನನ್ನ ಮುಖ ನೋಡಿದರು. ಗೌರಿಬಿದನೂರಿನ ನೂರ ಹನ್ನೆರಡು ಅಡಿ ನಮ್ಮಿಬ್ಬರ ನಡುವೆ ನಿಂತಿತ್ತು.

"ನಾಗವೇಣಿ, ಇನ್ನೂರ ಐದು ಅಂತ ಬರ್ದು ಸೈನ್ ಹಾಕ್ತೀಯಾ?"

"ಹಾಕ್ತೀನಿ ಸಾರ್. ಹತ್ತಡಿ ಆಚೆ ಈಚೆ ಅಂತಾನೂ ಬರೀತೀನಿ."

ಆ ಎರಡನೆಯ ಮಾತೇ ಅವರನ್ನು ಒಪ್ಪಿಸಿತು ಎಂದು ಆಮೇಲೆ ಒಮ್ಮೆ ಹೇಳಿದರು. ಎಲ್ಲಿ ತಪ್ಪಬಹುದು ಎಂದು ಗೊತ್ತಿರುವವಳ ಲೆಕ್ಕವನ್ನು ನಂಬಬಹುದು ಅನ್ನಿಸಿತಂತೆ. ನಾನು ಬರೆದ ಹಾಳೆಯ ಕೆಳಗೆ ತಾವೂ ಸಹಿ ಹಾಕಿ, ಇಳಿಸ್ರಪ್ಪ ಎಂದರು.

ಪೈಪಿಗೆ ಪೈಪು ಸೇರಿಸಿ ಇಳಿಸಲು ಮಧ್ಯಾಹ್ನವೆಲ್ಲ ಹಿಡಿಯಿತು. ಹತ್ತು, ಹನ್ನೊಂದು, ಹನ್ನೆರಡು. ಎಲ್ಲೂ ತಡೆಯಲಿಲ್ಲ. ಹದಿಮೂರನೆಯದೂ ಸಲೀಸಾಗಿ ಇಳಿದಾಗ ಕೆಸರಿನ ಮಾತು ಹೇಳಿದ್ದ ಮೆಕ್ಯಾನಿಕ್ ತಾನೇ ಚುರುಕಾದ. ವೆಂಕಟಲಕ್ಷ್ಮಮ್ಮ ಸ್ವಿಚ್ ಹಾಕಿದರು. ಪೈಪಿನ ಬಾಯಿಂದ ಮೊದಲು ಗಾಳಿ ಬುಸುಗುಟ್ಟಿತು. ಆಮೇಲೆ ಕೆಂಪು ರಾಡಿ ಉಗುಳಿತು. ಆಮೇಲೆ ನಿಂತೇಹೋಯಿತು. ವೆಂಕಟಲಕ್ಷ್ಮಮ್ಮ ಸ್ವಿಚ್ ಆರಿಸಲಿಲ್ಲ. ಪೈಪು ಒಂದು ಸಲ ಕೆಮ್ಮಿತು, ಇನ್ನೊಂದು ಸಲ ಕೆಮ್ಮಿತು, ನೀರು ಬಂತು! ಮೊದಲು ಕೆಂಪಗೆ, ಆಮೇಲೆ ಚಹಾ ಬಣ್ಣ, ಕೊನೆಗೆ ತಿಳಿ. ಹತ್ತು ನಿಮಿಷವಾಯಿತು, ಕಾಲು ಗಂಟೆಯಾಯಿತು, ಮುಕ್ಕಾಲು ಗಂಟೆ ನಿಲ್ಲದೆ ಬಂತು. ಹೆಂಗಸರು ತೊಟ್ಟಿ ತುಂಬುವವರೆಗೂ ಕಾಯದೆ ಪೈಪಿಗೇ ಬಿಂದಿಗೆ ಒಡ್ಡಿದರು. ವೆಂಕಟಲಕ್ಷ್ಮಮ್ಮ ಮೊದಲ ತಿಳಿನೀರನ್ನು ಒಂದು ಚೊಂಬಿನಲ್ಲಿ ಹಿಡಿದು ತಂದು ನನ್ನ ಕೈಗೆ ಕೊಟ್ಟರು. ಸ್ವಲ್ಪ ಕಬ್ಬಿಣದ ರುಚಿಯಿತ್ತು. ಪೂರ್ತಿ ಕುಡಿದೆ.

ಆಮೇಲೆ ಕೋಲಾರದಿಂದ ಉದ್ದನೆಯ ಟೇಪು ತರಿಸಿ, ದಿನದ ಅದೇ ಹೊತ್ತಿಗೆ ಅಳೆದಾಗ ನೂರ ತೊಂಬತ್ತೊಂಬತ್ತು ಬಂತು. ಆರು ಅಡಿ ತಪ್ಪು. ಉಕ್ಕಿನ ಗುಂಡನ್ನೂ ಗಾಳಿ ಅಷ್ಟಿಷ್ಟು ತಡೆಯುತ್ತದೆಂದು ಅದನ್ನೂ ಪ್ರೋಗ್ರಾಂಗೆ ಸೇರಿಸಿದೆ. ಆ ಬಾವಿ ಆ ಬೇಸಿಗೆಯನ್ನೂ ಮುಂದಿನ ಮೂರು ಬೇಸಿಗೆಗಳನ್ನೂ ದಾಟಿಸಿತು. ಅಷ್ಟರಲ್ಲಿ ಕಾಲೋನಿಗೆ ಇನ್ನೊಂದು ಬಾವಿ ಕೊರೆಸಿಕೊಟ್ಟರು.

ಗಲಾಟೆಯಾದದ್ದು ಆ ದಿನದ ವರದಿಯಿಂದ. ಅಳತೆ ಹೇಗೆ ಮಾಡಿದಿರಿ ಎಂಬ ಕಾಲಂನಲ್ಲಿ ಸಾರ್ ತಮ್ಮ ಕೈಯಾರೆ "ಗುಂಡು ಹಾಕಿ ಅಳೆಯಲಾಗಿದೆ" ಎಂದು ಬರೆದು ಕಳುಹಿಸಿದ್ದರು. ಮೂರು ವಾರಕ್ಕೆ ಮೇಲಿನ ಕಚೇರಿಯಿಂದ ಜ್ಞಾಪನ ಪತ್ರ ಬಂತು. ಕರ್ತವ್ಯದ ವೇಳೆಯಲ್ಲಿ ಗುಂಡು ಹಾಕಿದ್ದೇಕೆ, ಮಹಿಳಾ ಸಿಬ್ಬಂದಿಯೂ ಅದರಲ್ಲಿ ಭಾಗಿಯೇ, ಏಳು ದಿನದೊಳಗೆ ವಿವರಣೆ ಕೊಡಿ. ಜೀವಮಾನದಲ್ಲಿ ಹೆಂಡ ಮುಟ್ಟದ ಕೃಷ್ಣಪ್ಪ ಸಾರ್ ಅದನ್ನು ಎರಡು ಸಲ ಓದಿದರು. ಬಾಬಾಜಾನ್ ನಗು ತಡೆಯಲಾರದೆ ಹೊರಗೆ ಹೋಗಿಬಿಟ್ಟರು. ಸಾರ್ ಎರಡೇ ಸಾಲಿನ ಉತ್ತರ ಬರೆಸಿದರು. ಗುಂಡು ಎಂದರೆ ಬೇರಿಂಗ್ ಗುಂಡು. ಸಂಶಯವಿದ್ದಲ್ಲಿ ತಾವು ದಯಮಾಡಿಸಿ ನೋಡಬಹುದು.

ಒಬ್ಬ ಹಿರಿಯ ಅಧಿಕಾರಿ ನಿಜವಾಗಿಯೂ ಬಂದರು. ಚಿಂತಾಮಣಿಯ ಹತ್ತಿರದ ಪಾಳು ಕೊಳವೆಬಾವಿಯೊಂದಕ್ಕೆ ಅವರನ್ನು ಕರೆದೊಯ್ದೆವು. ಮುಖ ಬಿಗಿದುಕೊಂಡೇ ಜೀಪಿನಿಂದ ಇಳಿದರು. ನಾನು ಗುಂಡನ್ನು ಅವರ ಕೈಗೇ ಕೊಟ್ಟೆ. ಕೊಳವೆಯ ಮೇಲೆ ಬಗ್ಗಿ ಬಿಟ್ಟರು. ಸುತ್ತ ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಅವರ ಹುಬ್ಬು ಮೆಲ್ಲಗೆ ಮೇಲೇರತೊಡಗಿತು. ನಾಲ್ಕು ಸೆಕೆಂಡಾದ ಮೇಲೆ ಆಳದಿಂದ ಗುಳುಕ್ ಎಂದು ಕೇಳಿಸಿತು. ಬಾಬಾಜಾನ್ ಸರಿ ಎಂದು ತಲೆಯಾಡಿಸಿದರು. ನಾನು ಗುಂಡಿ ಒತ್ತಿ ಅಡಿ ಹೇಳಿದೆ. ಸಾರ್ ಉದ್ದನೆಯ ಟೇಪು ಇಳಿಬಿಟ್ಟರು. ನಾನು ಹೇಳಿದ್ದಕ್ಕಿಂತ ಎರಡು ಅಡಿ ಮೇಲೆ ಗಂಟೆ ಬಾರಿಸಿತು.

ಅಧಿಕಾರಿ ಟೇಪು ನೋಡಿದರು, ಡಬ್ಬಿ ನೋಡಿದರು, ಮತ್ತೆ ಕೊಳವೆಯೊಳಗೆ ಬಗ್ಗಿ ನೋಡಿದರು. ಜ್ಞಾಪನ ಪತ್ರದ ಮಾತನ್ನೇ ಎತ್ತಲಿಲ್ಲ. ಕೋಟು ಬಿಚ್ಚಿ ಜೀಪಿನ ಬಾನೆಟ್ ಮೇಲೆ ಹಾಕಿ, ಅಂಗಿಯ ತೋಳು ಮಡಚಿ, ನನ್ನ ಕಡೆ ಕೈ ಚಾಚಿದರು.

"ಇನ್ನೊಂದು ಕೊಡಮ್ಮ," ಎಂದರು.